ಬಸ್ಸಿನ ಹೀಟರ್ ಕುರಿತು ಕೇಳಿರಿ: ತುಮಕೂರಿನ ಮೆಕ್ಯಾನಿಕ್ ಉತ್ತರಿಸುತ್ತಾರೆ

ನಿರ್ವಾಹಕರು: ಹಳೆಯ ಬಸ್ಸು ಕೊಂಡು ಅದನ್ನೇ ಓಡಾಡುವ ಮನೆಯಾಗಿಸಿಕೊಂಡಿರುವ ನಮ್ಮ ಗುಂಪಿನವರ ಪ್ರಶ್ನೆಗಳಿಗೆ, ತುಮಕೂರಿನ ಅಂತರಸನಹಳ್ಳಿ ಬಳಿ 22 ವರ್ಷಗಳಿಂದ ಬಸ್ಸುಗಳ ಎ.ಸಿ. ಮತ್ತು ಹೀಟರ್ ಕೆಲಸ ಮಾಡುತ್ತಿರುವ ಮೆಕ್ಯಾನಿಕ್ ಇಂದು ಉತ್ತರಿಸಲಿದ್ದಾರೆ. ದಯವಿಟ್ಟು ಬೇರೆ ವಿಷಯ ತರಬೇಡಿರಿ.

ಗೌರಿಬಿದನೂರಿನ ಸದಸ್ಯರು: ನಮಸ್ಕಾರ ಸರ್. ನಮ್ಮ ಬಸ್ಸಿನ ಎಂಜಿನ್ ಹಿಂದಿದೆ, ಅದರ ಬಿಸಿನೀರಿನಿಂದ ನಡೆಯುವ ಹೀಟರ್ ಡ್ರೈವರ್ ಸೀಟಿನ ಪಕ್ಕದಲ್ಲಿದೆ. ಗಾಡಿ ಓಡುವಾಗ ಬಿಸಿಗಾಳಿ ಬರುತ್ತದೆ, ಐಡಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ತಣ್ಣಗಾಗುತ್ತದೆ. ಕಾರಣವೇನಿರಬಹುದು?

ಮೆಕ್ಯಾನಿಕ್: ನಮಸ್ಕಾರ. ಎಂಜಿನ್ ತಂಪಾಗಿಸುವ ಕೂಲಂಟ್ ದ್ರವ ಕಡಿಮೆಯಾಗಿರುತ್ತದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ತುಂಬಿಸಿ, ಹೀಟರಿನ ಎತ್ತರದ ಜಾಗದಲ್ಲಿರುವ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ ಬಿಡಿರಿ. ಹಿಂದಿನಿಂದ ಮುಂದಿನವರೆಗೆ ಅಷ್ಟುದ್ದದ ಪೈಪಿರುವ ಗಾಡಿಗಳಲ್ಲಿ ನಡುವೆ ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಇರುವುದುಂಟು; ಅದು ತಿರುಗುತ್ತಿದೆಯೇ ಎಂದು ಕೈಯಿಟ್ಟು ನೋಡಿರಿ.

ಚಿಂತಾಮಣಿಯ ಸದಸ್ಯರು: ಸರ್, ನಮ್ಮದು ಎರಡು ಬ್ಯಾಟರಿಗಳ 24 ವೋಲ್ಟ್ ಗಾಡಿ. ಹಿಂಬದಿಯ ಮಂಚದ ಕೆಳಗೆ 12 ವೋಲ್ಟಿನ ಡೀಸೆಲ್ ಹೀಟರ್ ಕೂರಿಸಿದ್ದೇವೆ. ಹಿಮಾಚಲದ ಸ್ಪಿತಿ ಕಣಿವೆಗೆ ಹೊರಡುವ ಮುನ್ನ ಪರೀಕ್ಷೆಗೆಂದು ಕಳೆದ ಶನಿವಾರ ನಂದಿಬೆಟ್ಟದ ತಪ್ಪಲಿನಲ್ಲಿ ರಾತ್ರಿ ತಂಗಿದ್ದೆವು. ಹೀಟರ್ ಮೂರು ಸಲ ಹೊತ್ತಿಕೊಂಡಂತೆ ಮಾಡಿ ನಿಂತುಹೋಯಿತು, ನಾಲ್ಕನೆಯ ಸಲ ಹಿಡಿಯಿತು. ಹೊತ್ತಿಸುವಾಗ ಹೀಟರಿನ ಬಳಿ ಮೀಟರ್ 10.1 ವೋಲ್ಟ್ ತೋರಿಸಿತು. ಡಿಸ್‌ಪ್ಲೇಯಲ್ಲಿ 27 ಡಿಗ್ರಿ ಇದ್ದರೂ ಮುಂದೆ ಮಲಗಿದ್ದ ನಮ್ಮ ತಾಯಿಯವರು ಚಳಿಗೆ ನಡುಗಿದರು. ಹಿಂದೆ ಮಲಗಿದ್ದ ಮಕ್ಕಳಿಬ್ಬರಿಗೂ ಬೆಳಿಗ್ಗೆ ತಲೆನೋವು, ವಾಕರಿಕೆ ಇತ್ತು. ಹೊರಗೆ ಸ್ವಲ್ಪ ಓಡಾಡಿದ ಮೇಲೆ ಸರಿಹೋಯಿತು. ಬೆಟ್ಟದ ಗಾಳಿ ಆಗಲಿಲ್ಲವೆಂದುಕೊಂಡೆವು. ಮೂರು ಚಿತ್ರಗಳನ್ನು ಹಾಕಿದ್ದೇನೆ.

ಮೆಕ್ಯಾನಿಕ್: ತಾವು ಕೊನೆಗೆ ಬರೆದದ್ದನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಇವತ್ತಿನಿಂದ ಆ ಹೀಟರ್ ಹಚ್ಚಬೇಡಿರಿ, ಮಕ್ಕಳನ್ನು ವೈದ್ಯರಿಗೆ ತೋರಿಸಿ ನಡೆದದ್ದನ್ನು ಹಾಗೆಯೇ ಹೇಳಿರಿ. ಒಳಗಿದ್ದಾಗ ತಲೆನೋವು ಬಂದು ಹೊರಗೆ ಹೋದ ಮೇಲೆ ಬಿಟ್ಟಿತೆಂದರೆ ಬೆಟ್ಟದ ಗಾಳಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಅದು ಇಂಧನ ಅರೆಬರೆ ಉರಿದಾಗ ಹುಟ್ಟುವ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್ ಎಂದೇ ಹಿಡಿಯಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ.

ಮೂರನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹೀಟರಿನ ಕೆಳಗೆ ಪ್ಲೈವುಡ್ಡಿಗೆ ಕೊರೆದ ತೂತಿನ ಸುತ್ತ ಬಳೆಯಿಟ್ಟಂತೆ ಕಪ್ಪು ಮಸಿ ಕೂತಿದೆ. ಇಂಥ ಹೀಟರಿನಲ್ಲಿ ಉರಿಯುವ ಗಾಳಿ ಬೇರೆ, ನಾವು ಉಸಿರಾಡುವ ಗಾಳಿ ಬೇರೆ. ಎರಡೂ ಎಲ್ಲಿಯೂ ಸೇರಬಾರದು. ಹೊಗೆ ಕೊಳವೆಯ ಜೋಡಣೆ ಮಂಚದ ಕೆಳಗೇ ಸೋರುತ್ತಿರುವುದರಿಂದ ಆ ಮಸಿ ಅಲ್ಲಿದೆ. ಸಾಲದೆಂಬಂತೆ ಕೊಳವೆಯ ತುದಿ ಬಾಡಿಯ ಅಂಚು ದಾಟದೆ ನೆಲದಡಿಯಲ್ಲೇ ಮುಗಿದಿದೆ. ಅದನ್ನು ಅಂಚಿನಾಚೆಗೆ, ಕಿಟಕಿ ಬಾಗಿಲುಗಳಿಂದ ದೂರಕ್ಕೆ ಒಯ್ಯಬೇಕು, ಜೋಡಣೆಗೆ ಸರಿಯಾದ ಕ್ಲಾಂಪ್ ಹಾಕಬೇಕು.

ಮಸಿಗೂ ನಿಮ್ಮ 10.1 ವೋಲ್ಟಿಗೂ ಸಂಬಂಧವಿದೆ. ಹೊತ್ತಿಸುವ ಗ್ಲೋ ಪ್ಲಗ್ ಹತ್ತು ಆಂಪಿಯರಿನಷ್ಟು ಎಳೆಯುತ್ತದೆ. ಮುಂದಿನ ಬ್ಯಾಟರಿಯಿಂದ ಹಿಂದಕ್ಕೆ 9 ಮೀಟರ್, ಹೋಗಿ ಬರುವುದು ಸೇರಿ 18 ಮೀಟರ್, 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಸುಮಾರು 1.3 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಉಳಿದದ್ದನ್ನು ತಾವು ತಿರುಚಿ ಟೇಪು ಸುತ್ತಿರುವ ಜೋಡಣೆ ತಿನ್ನುತ್ತದೆ. ವೋಲ್ಟೇಜ್ ಕುಸಿದಾಗ ಕಂಟ್ರೋಲರ್ ಹೀಟರನ್ನು ನಿಲ್ಲಿಸುತ್ತದೆ, ಆದರೆ ಒಳಗೆ ಬಿದ್ದ ಡೀಸೆಲ್ ಅಲ್ಲಿಯೇ ಉಳಿಯುತ್ತದೆ. ನಾಲ್ಕನೆಯ ಸಲ ಹಿಡಿದಾಗ ಆ ಡೀಸೆಲ್ ಎಲ್ಲ ಅರೆಬರೆ ಉರಿದು ಮಸಿಯೂ ವಿಷಗಾಳಿಯೂ ಆಯಿತು. ಅಲ್ಲದೆ ತಾವು ಎರಡು ಬ್ಯಾಟರಿಗಳಲ್ಲಿ ಒಂದರಿಂದಲೇ 12 ವೋಲ್ಟ್ ತೆಗೆದಿದ್ದೀರಿ. ಅದು ಬರಿದಾಗುತ್ತಾ ಹೋದರೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕೆಡುತ್ತದೆ. ಹೀಟರಿಗೆ ಬೇರೆಯೇ ಬ್ಯಾಟರಿ ಇಡಿರಿ, 6 ಚದರ ಮಿಲಿಮೀಟರಿನ ತಂತಿ ಎಳೆಯಿರಿ, ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ.

ತಾಯಿಯವರ ಚಳಿಯ ವಿಷಯ ಸುಲಭ. ಡಿಸ್‌ಪ್ಲೇ ಪಕ್ಕದಲ್ಲಿ ಅಂಟಿಸಿರುವ, ಶಾಖ ಅಳೆಯುವ ಸೆನ್ಸರ್ ಬಿಸಿಗಾಳಿಯ ಬಾಯಿಯ ಮೇಲೆಯೇ ಇದೆ. ಒಲೆಯ ಮುಂದೆ ಕೂತವನನ್ನು ಕೇಳಿದರೆ ಅವನು ಚಳಿಯಿಲ್ಲವೆಂದೇ ಹೇಳುತ್ತಾನೆ. ಸೆನ್ಸರನ್ನು ಬಸ್ಸಿನ ನಡುಭಾಗಕ್ಕೆ, ಮಲಗುವವರ ತಲೆಯೆತ್ತರಕ್ಕೆ ಸರಿಸಿರಿ. ಅದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರುವ ಮಾದರಿಯಾದರೆ, ಐಸ್ ನೀರಿನಲ್ಲಿ ಅದ್ದಿದಾಗ ಸುಮಾರು 30 ಕಿಲೋ ಓಮ್ ತೋರಬೇಕು.

ಇನ್ನು ಸ್ಪಿತಿ. ನಂದಿಬೆಟ್ಟದ ನೆತ್ತಿಯೇ 1,478 ಮೀಟರ್, ಸ್ಪಿತಿಯ ಊರಾದ ಕಾಜಾ 3,600 ಮೀಟರಿಗಿಂತ ಮೇಲಿದೆ. ಅಲ್ಲಿ ಗಾಳಿ ತೆಳುವಾಗಿ, ಅದೇ ಡೀಸೆಲಿಗೆ ಆಮ್ಲಜನಕ ಸಾಲದೆ ಮಸಿ ಇನ್ನೂ ಹೆಚ್ಚುತ್ತದೆ. ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಡಿಮೆ ಮಾಡುವ ವ್ಯವಸ್ಥೆ ನಿಮ್ಮ ಹೀಟರಿನಲ್ಲಿ ಇದೆಯೇ ಎಂದು ನೋಡದೆ ಹೊರಡಬೇಡಿರಿ.

ಮಾಲೂರಿನ ಸದಸ್ಯರು: ಇಷ್ಟೆಲ್ಲ ಏಕೆ? ನಮ್ಮ ಇನ್ನೊಂದು ಗುಂಪಿಗೆ ಬಂದದ್ದನ್ನು ಕಳುಹಿಸುತ್ತಿದ್ದೇನೆ: ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ಪಕ್ಕದಲ್ಲಿ ಕತ್ತರಿಸಿದ ಈರುಳ್ಳಿ ಇಟ್ಟರೆ ವಿಷಗಾಳಿಯನ್ನೆಲ್ಲ ಈರುಳ್ಳಿ ಹೀರಿಕೊಳ್ಳುತ್ತದೆ.

ಮೆಕ್ಯಾನಿಕ್: ಈರುಳ್ಳಿ ಏನನ್ನೂ ಹೀರುವುದಿಲ್ಲ. ಮುಚ್ಚಿದ ಬಸ್ಸಿನಲ್ಲಿ ಕೆಂಡವಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋಗಬಹುದು. ಮಕ್ಕಳಿಗೆ ವಾಕರಿಕೆಯಾದ ಸಂಗತಿಯ ಕೆಳಗೇ ಇದನ್ನು ಹಾಕಲು ತಮಗೆ ಹೇಗೆ ಮನಸ್ಸು ಬಂದಿತೋ ತಿಳಿಯದು. ನಿರ್ವಾಹಕರು ದಯವಿಟ್ಟು ಅಳಿಸಿರಿ.

ಮಧುಗಿರಿಯ ಸದಸ್ಯರು: ಸರ್, ಓಡುವಾಗ ಬಿಸಿ, ನಿಂತರೆ ತಣ್ಣಗೆ. ಏನು ಮಾಡಬೇಕು?

ಮೆಕ್ಯಾನಿಕ್: ಗೌರಿಬಿದನೂರಿನವರಿಗೆ ಬರೆದಿದ್ದೇನೆ.

ಮುಳಬಾಗಿಲಿನ ಸದಸ್ಯರು: 35 ಅಡಿಯ ಬಸ್ಸಿಗೆ ಎಷ್ಟು ಕಿಲೋವ್ಯಾಟಿನ ಹೀಟರ್ ಬೇಕಾಗುತ್ತದೆ, ಸರ್?

ಕುಣಿಗಲ್ಲಿನ ಸದಸ್ಯರು: ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ.

ಮೆಕ್ಯಾನಿಕ್: ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ, ಬದಲಿಸಿರಿ.

ಶಿರಾದ ಸದಸ್ಯರು: ಗೌರಿಬಿದನೂರಿನವರು, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಆ ಥರ್ಮೋಸ್ಟ್ಯಾಟ್ ವಾಲ್ವ್ ಕಿತ್ತು ಬಿಸಾಡಲಿ. ನಮ್ಮ ಬಯಲುಸೀಮೆಗೆ ಅದರ ಅಗತ್ಯವೇ ಇಲ್ಲ. ಕೂಲಂಟ್ ಸೋರುತ್ತಿದ್ದರೆ ರೇಡಿಯೇಟರಿಗೆ ಒಂದು ಹಿಡಿ ಅರಿಶಿನದ ಪುಡಿ ಹಾಕಲಿ.

ಬಂಗಾರಪೇಟೆಯ ಸದಸ್ಯರು: ಆ ವಾಲ್ವ್ ಕಿತ್ತರೆ ಎಂಜಿನ್ ಕಾಯುವುದೇ ಇಲ್ಲ. ಕಾಯದ ಎಂಜಿನ್ನಿನಿಂದ ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು? ಡೀಸೆಲ್ ಖರ್ಚು ಬೇರೆ.

ಶಿರಾದ ಸದಸ್ಯರು: ನಾನು ಹದಿನೈದು ವರ್ಷ ಲಾರಿ ಓಡಿಸಿದ್ದೇನೆ. ತಾವು ಎಷ್ಟು ವರ್ಷ ಓಡಿಸಿದ್ದೀರಿ?

ಬಂಗಾರಪೇಟೆಯ ಸದಸ್ಯರು: ಓಡಿಸಿದವರೆಲ್ಲ ಬಿಚ್ಚಿ ನೋಡಿದವರಲ್ಲ, ಸ್ವಾಮಿ.

ಶಿರಾದ ಸದಸ್ಯರು: ಮರ್ಯಾದೆಯಿಂದ ಮಾತನಾಡಿ.

ಮೆಕ್ಯಾನಿಕ್: ಬಂಗಾರಪೇಟೆಯವರು ಹೇಳಿದ್ದು ಸರಿ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ತೆಗೆದರೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ, ಅಂದರೆ ರೇಡಿಯೇಟರ್ ಬಿಟ್ಟು ಹೋಗುವ ಅಡ್ಡದಾರಿಯಲ್ಲೇ ಸುತ್ತಿ, ಬಿಸಿಲಿನಲ್ಲಿ ಗಾಡಿ ಅತಿಯಾಗಿ ಕಾಯುವುದೂ ಉಂಟು. ಅನುಮಾನವಿದ್ದರೆ ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿರಿ; ಅದರ ಮೇಲೆ ಬರೆದಿರುವ ಡಿಗ್ರಿಗೆ, ಸಾಮಾನ್ಯವಾಗಿ 80ರ ಆಸುಪಾಸಿನಲ್ಲಿ, ಬಾಯಿ ತೆರೆಯಬೇಕು. ಅರಿಶಿನ ಹಾಕಿದ ಹೀಟರ್ ಕೋರನ್ನು ನಾನು ಬಿಚ್ಚಿದ್ದೇನೆ: ಕೊಳವೆಗಳಲ್ಲಿ ಹಳದಿ ಕೆಸರು ಗಟ್ಟಿಕಟ್ಟಿತ್ತು, ಕಡ್ಡಿಯೂ ತೂರಲಿಲ್ಲ. ಅರಿಶಿನ ಅಡುಗೆಮನೆಯಲ್ಲಿರಲಿ.

ಪಾವಗಡದ ಸದಸ್ಯರು: ಓಡುವಾಗ ಮಾತ್ರ ಬಿಸಿಗಾಳಿ ಬರುತ್ತದೆ, ಸರ್...

ಮೆಕ್ಯಾನಿಕ್: ಮೇಲೆ ಓದಿರಿ.

ಮುಳಬಾಗಿಲಿನ ಸದಸ್ಯರು: ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ಚಿಂತಾಮಣಿಯ ಸದಸ್ಯರು: ಸರ್, ಮಂಚದ ಹಲಗೆ ತೆಗೆದು ನೋಡಿದೆ. ಕ್ಲಾಂಪಿನ ಬೋಲ್ಟನ್ನು ಬಿಗಿದೇ ಇಲ್ಲ, ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಕೊಳವೆ ಕಳಚಿ ಕೈಗೆ ಬಂದಿತು. ಮಕ್ಕಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಿದ್ದೇವೆ.

ಮೆಕ್ಯಾನಿಕ್: ಹೋಗಿ ಬನ್ನಿರಿ. ಮತ್ತೆ ಜೋಡಿಸಿದ ಮೇಲೆ ಹಚ್ಚುವ ಮುನ್ನ ನನಗೆ ಚಿತ್ರ ಕಳುಹಿಸಿರಿ, ಮಕ್ಕಳ ದಿಂಬಿನ ಬಳಿ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿರಿ.

ಮಾಲೂರಿನ ಸದಸ್ಯರು: ನಾನು ಒಳ್ಳೆಯ ಉದ್ದೇಶದಿಂದಲೇ ಕಳುಹಿಸಿದ್ದು.