ಬಳಚಿನ ಕರಪತ್ರ ಯಾರ ಕೈಗೆ ಹೋಗಬೇಕು?

ಕುಮಟಾ ಹುಡುಗ: ಅಘನಾಶಿನಿ ಅಳಿವೆಯಲ್ಲಿ ತೀರಾ ಸಣ್ಣ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವುದು ನಿಲ್ಲಬೇಕು ಅಂತ ಕರಪತ್ರ ಬರೆಯುತ್ತಿದ್ದೇವೆ. ಶುರು ಹೀಗಿದೆ: 'ಮಾನ್ಯ ಸಾರ್ವಜನಿಕರೇ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ನಮ್ಮ ಅಳಿವೆಯ ಜೀವವೈವಿಧ್ಯವನ್ನು ಸಂರಕ್ಷಿಸೋಣ.' ಹೇಗಿದೆ ಹೇಳಿ.

ತದಡಿ ದಂಡೆ: ಬರವಣಿಗೆ ಚೆನ್ನಾಗಿದೆ. ಆದರೆ ಸಾರ್ವಜನಿಕರು ಅಂದ್ರೆ ಯಾರು? ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಇಸ್ಕೊಳ್ಳುವವರು ಬಳಚು ತೆಗೆಯುವುದೂ ಇಲ್ಲ, ಮಾರುವುದೂ ಇಲ್ಲ. ಒಳ್ಳೇದು ಅಂದು ಜೇಬಿಗೆ ಹಾಕಿಕೊಳ್ಳುತ್ತಾರೆ, ಅಷ್ಟೇ.

ಕುಮಟಾ ಹುಡುಗ: ಹಾಗಾದರೆ ಬಳಚು ತೆಗೆಯುವ ಹೆಂಗಸರಿಗೇ ಬರೆಯೋಣವಾ?

ಮಿರ್ಜಾನಿನವಳು: ನಮ್ಮ ಮನೆಯವರೂ ಇಳಿತದ ಹೊತ್ತಿಗೆ ನೀರಿಗಿಳಿಯುವವರೇ. ಸೊಂಟದ ಮಟ್ಟದ ನೀರಲ್ಲಿ ನಿಂತು, ಕಾಲಲ್ಲಿ ತಡಕಿ, ಕೈಯಿಂದ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಸಣ್ಣದನ್ನು ಬಿಟ್ಟರೆ ನಾಳೆ ದೊಡ್ಡದಾಗುತ್ತದೆ ಅಂತ ಅವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ತಾನು ಬಿಟ್ಟಿದ್ದನ್ನು ಹಿಂದೆ ಬರುವವಳು ಎತ್ತುತ್ತಾಳೆ. ದಂಡೆಯಲ್ಲಿ ನಿಂತ ವ್ಯಾಪಾರಿ ಅದಕ್ಕೂ ದುಡ್ಡು ಕೊಡುತ್ತಾರೆ. ತೊಡಕು ಇರುವುದು ಅಲ್ಲಿ. ಅದನ್ನು ಬಿಟ್ಟು ಜೀವವೈವಿಧ್ಯ ಅಂದರೆ, ನಮ್ಮ ಹೊಟ್ಟೆ ಮೇಲೆ ಹೊಡೆಯಲು ಬಂದರು ಅಂತಲೇ ತಿಳಿಯುತ್ತಾರೆ.

ತದಡಿ ದಂಡೆ: ಹಾಗಾದರೆ ಓದಬೇಕಾದವರು ವ್ಯಾಪಾರಿಗಳು. ಸಣ್ಣದು ಬೇಡ ಅಂತ ಅವರೆಲ್ಲ ಒಟ್ಟಿಗೆ ಹೇಳಿದರೆ ಬುಟ್ಟಿಗೆ ಸಣ್ಣದು ಯಾಕೆ ಬೀಳುತ್ತದೆ? ಅವರ ಹತ್ತಿರ ರಾಮ್ಸಾರ್ ಮಾತು ಬೇಡ. ಮುಂದಿನ ವರ್ಷ ಗೋವಾಕ್ಕೆ ಕಳಿಸಲು ಮಾಲು ಇರುತ್ತದಾ ಅಂತ ಕೇಳಿ.

ಶಿರಸಿ ಓದುಗ: ಒಬ್ಬೊಬ್ಬರ ಹತ್ತಿರ ಒಂದೊಂದು ಥರ ಮಾತಾಡಬೇಕು ಅನ್ನುವುದಕ್ಕೆ ನಮ್ಮ ಕಡೆ ಅಪ್ಪಿಕೋ ಚಳವಳಿಯೇ ಇದೆ. 1983ರಲ್ಲಿ ಸಾಲ್ಕಣಿ ಕಡೆಯವರು ಮರ ಅಪ್ಪಿ ನಿಂತಾಗ ಎದುರಿಗಿದ್ದವರು ಕಡಿಯುವ ಕೂಲಿಯವರು. ತೀರ್ಮಾನ ಮಾತ್ರ ಅರಣ್ಯ ಇಲಾಖೆಯದು. ಹಾಗಾಗಿ ಊರಿನವರಿಗೆ ಪಾದಯಾತ್ರೆ, ಬೀದಿನಾಟಕ. ಇಲಾಖೆಗೆ ಕಡಿತ ನಿಲ್ಲಿಸಿ ಎಂಬ ನೇರ ಬೇಡಿಕೆ.

ಮಿರ್ಜಾನಿನವಳು: ಬರೀ ವ್ಯಾಪಾರಿಗಳ ಹತ್ತಿರ ಮಾತಾಡುವುದನ್ನು ನಾನು ಒಪ್ಪುವುದಿಲ್ಲ. ಅವರು ಕೊಳ್ಳದ ದಿನ ದುಡಿಮೆ ಹೋಗುವುದು ಹೆಂಗಸರದ್ದು. ಅವರನ್ನು ಕೇಳದೆ ಮಾತು ಮುಗಿಸಿ ಬಂದರೆ ಅದು ಅನ್ಯಾಯ. ಮೊದಲು ಸ್ವಸಹಾಯ ಸಂಘದ ಸಭೆಗೆ ಬನ್ನಿ. ಕಾಗದ ಹಂಚಿ ಹೋಗಬೇಡಿ, ಕೂತು ಓದಿ ಹೇಳಿ. ವಯಸ್ಸಾದ ಎಷ್ಟೋ ಜನರಿಗೆ ಓದಲು ಬರುವುದಿಲ್ಲ. ಎಷ್ಟು ದೊಡ್ಡದಾದ ಮೇಲೆ ತೆಗೆಯಬಹುದು ಅಂತ ಅವರೇ ಹೇಳಲಿ.

ಕುಮಟಾ ಹುಡುಗ: ಸರಿ ಅಕ್ಕ, ಸಭೆಗೆ ಬರುತ್ತೇವೆ. ಸಾರ್ವಜನಿಕರ ಕರಪತ್ರ ಬಿಟ್ಟೆವು. ವ್ಯಾಪಾರಿಗಳಿಗೆ ಹೀಗೆ ಬರೆಯಬಹುದಾ? 'ಅಣ್ಣ, ಈ ಅಳತೆಗಿಂತ ಸಣ್ಣ ಬಳಚಿಗೆ ದರ ಕಟ್ಟಬೇಡಿ. ನಿಮ್ಮ ಪಕ್ಕದವರೂ ಒಪ್ಪಿ ಸಹಿ ಹಾಕಿದ್ದಾರೆ.' ಅಳತೆಯ ಜಾಗ ಖಾಲಿ ಇಟ್ಟಿದ್ದೇವೆ. ಸಭೆ ಆದ ಮೇಲೆ ತುಂಬುತ್ತೇವೆ.

ತದಡಿ ದಂಡೆ: ಸಹಿ ಸಿಗುವ ಮೊದಲೇ 'ಹಾಕಿದ್ದಾರೆ' ಅಂತ ಬರೆಯಬೇಡಿ. ಅವರೆಲ್ಲ ದಿನಾ ಒಬ್ಬರನ್ನೊಬ್ಬರು ನೋಡುವವರು, ಒಂದು ಸುಳ್ಳು ಸಿಕ್ಕರೂ ಕಾಗದ ಹರಿದು ಹಾಕುತ್ತಾರೆ. ನನಗೆ ಪರಿಚಯದ ವ್ಯಾಪಾರಿ ಒಬ್ಬರಿದ್ದಾರೆ. ಅಳತೆ ಗೊತ್ತಾಗಲಿ, ಮೊದಲ ಸಹಿಗೆ ಅವರನ್ನೇ ಕೇಳುತ್ತೇನೆ.