ಅಪ್‌ಡೇಟ್: ಪ್ರಾರ್ಥನೆಗೆ ಮಾತೇ ಬರುತ್ತಿಲ್ಲ ಎಂದು ಕೇಳಿದ್ದೆ

ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ, ನನ್ನ ನಂಬಿಕೆ ಕಡಿಮೆಯಾಯಿತಾ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಜನ ಹೇಳಿದ್ದು ಒಂದೇ: ಸ್ವಂತ ಮಾತು ಇಲ್ಲದಿದ್ದರೆ ಬೈಬಲಿನ ಕೀರ್ತನೆಗಳನ್ನೇ (ದೇವರಿಗೆ ಹಾಡಿದ ಪ್ರಾರ್ಥನಾಗೀತೆಗಳನ್ನು) ಪ್ರಾರ್ಥನೆಯಾಗಿ ಓದಿ.

ಹಾಗೇ ಮಾಡುತ್ತಿದ್ದೇನೆ. 150 ಕೀರ್ತನೆಗಳಲ್ಲಿ ದೂರು, ಅಳು, ಸಿಟ್ಟು ಎಷ್ಟೊಂದಿದೆ! 13ನೆಯದು, ದೇವರೇ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದಕ್ಕೆ ಆ ಸಮಾಧಾನವೂ ಇಲ್ಲ, ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅದನ್ನೂ ಬೈಬಲಿನಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ ಅಲ್ವಾ? ನನಗೆ ಅದೇ ದೊಡ್ಡ ಧೈರ್ಯ.

ಒಬ್ಬರು ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ 26ನೇ ವಚನ ತೋರಿಸಿದ್ದರು. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿದ್ದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎನ್ನುತ್ತಾನೆ ಪೌಲ. ಅಂದರೆ ಮಾತಿಲ್ಲದ ಹೊತ್ತೂ ಪ್ರಾರ್ಥನೆಯ ಹೊರಗಿಲ್ಲ.

ಇನ್ನೂ ಗಟ್ಟಿಯಾಗಿ ನಂಬಿ, ಸರಿಹೋಗುತ್ತದೆ ಎಂಬ ಸಲಹೆ ಮಾತ್ರ ನನಗೆ ಹಿಡಿಸಲಿಲ್ಲ. ಕುಗ್ಗಿದವರನ್ನು ಅದು ಇನ್ನಷ್ಟು ಕುಗ್ಗಿಸುತ್ತದೆ.

ಮನಸ್ಸು ಈಗಲೂ ಅಲೆಯುತ್ತದೆ. ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರುತ್ತೇನೆ. ಈಗ ಇನ್ನೊಂದು ಪ್ರಶ್ನೆ: 109ನೆಯದರಂಥ, ವೈರಿಗಳಿಗೆ ಶಾಪ ಹಾಕುವ ಕೀರ್ತನೆಗಳನ್ನು ನೀವು ಹೇಗೆ ಪ್ರಾರ್ಥಿಸುತ್ತೀರಿ? ಬಿಟ್ಟು ಮುಂದೆ ಹೋಗುತ್ತೀರಾ?