ನಿನ್ನೆ ತೆರೆದ ಫೈಲಿಗೆ ಕಳೆದ ವರ್ಷದ ದಿನಾಂಕ ಏಕೆ?

ಪ್ರಶ್ನೆ (ಕೋಲಾರ): ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ರೈತರ ಪಟ್ಟಿಗಳನ್ನು (ಮಾರಾಟದ ಲೆಕ್ಕದ ಚೀಟಿಗಳು) ಸ್ಕ್ಯಾನ್ ಮಾಡಿ ಲಿನಕ್ಸ್ ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ. ಡಿಸ್ಕ್ ತುಂಬಿದೆ. ವರ್ಷದಿಂದ ಯಾರೂ ತೆರೆಯದ ಫೈಲುಗಳನ್ನು ಅಳಿಸೋಣವೆಂದು ಫೈಲು ಹುಡುಕುವ ‘ಫೈಂಡ್’ ಆದೇಶಕ್ಕೆ ‘ಎಟೈಮ್’ (ಕೊನೆಯ ಬಾರಿ ಓದಿದ ಸಮಯ) ಕೊಟ್ಟು ಹುಡುಕಿದರೆ, ನಿನ್ನೆ ತಾನೇ ಮುಳಬಾಗಿಲಿನ ರೈತರೊಬ್ಬರಿಗೆ ತೆರೆದು ತೋರಿಸಿದ ಪಟ್ಟಿಯೂ ಸಿಕ್ಕಿತು. ಅಳಿಸಬಹುದೇ?

ಉತ್ತರ (ತುಮಕೂರು, ಸರ್ವರ್ ನಿರ್ವಾಹಕ): ದಯವಿಟ್ಟು ಒಂದನ್ನೂ ಅಳಿಸಬೇಡಿ. ಆ ಪಟ್ಟಿಯ ಮೇಲೆ ‘ಸ್ಟ್ಯಾಟ್’ ಆದೇಶ ಓಡಿಸಿ, ಫೈಲಿನ ದಿನಾಂಕಗಳು ಕಾಣುತ್ತವೆ. ‘ಆಕ್ಸೆಸ್’ ಎಂದರೆ ಕೊನೆಯ ಬಾರಿ ಓದಿದ್ದು, ‘ಮಾಡಿಫೈ’ ಎಂದರೆ ಒಳಗಿನ ವಿಷಯ ಬದಲಾದದ್ದು. ‘ಚೇಂಜ್’ ಎಂಬುದನ್ನು ಫೈಲು ಹುಟ್ಟಿದ ದಿನವೆಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು. ಒಡೆತನ, ಅನುಮತಿ ಬದಲಾದರೂ ಅದು ಬದಲಾಗುತ್ತದೆ.

ನಿಮ್ಮಲ್ಲಿ ಓದಿದ ದಿನಾಂಕ ನಿಂತುಹೋಗಿದೆ. ‘ಫೈಂಡ್‌ಮೌಂಟ್’ (ಡಿಸ್ಕುಗಳ ಜೋಡಣೆ ತೋರಿಸುವ ಆದೇಶ) ಓಡಿಸಿದರೆ ಆ ಡಿಸ್ಕಿನ ಸಾಲಿನಲ್ಲಿ ‘ನೋಎಟೈಮ್’, ಅಂದರೆ ಓದಿದ ಸಮಯ ಬರೆಯಬೇಡ, ಎಂದು ಕಾಣಬೇಕು. ಫೈಲನ್ನು ಓದಿದಾಗಲೆಲ್ಲ ದಿನಾಂಕ ಬರೆಯುವುದು ಡಿಸ್ಕಿಗೆ ಹೆಚ್ಚುವರಿ ಕೆಲಸ, ಅದಕ್ಕೇ ಯಾರೋ ಡಿಸ್ಕುಗಳ ಜೋಡಣೆಯನ್ನು ಬರೆದಿಡುವ ಫೈಲಾದ ‘ಎಫ್‌ಎಸ್‌ಟ್ಯಾಬ್’ನಲ್ಲಿ ಅದನ್ನು ನಿಲ್ಲಿಸಿರುತ್ತಾರೆ. ಅದರ ಬದಲು ‘ರೆಲ್‌ಎಟೈಮ್’ ಬರೆಯಿರಿ. 2009ರ 2.6.30 ಆವೃತ್ತಿಯ (ಲಿನಕ್ಸಿನ ತಿರುಳಾದ) ಕರ್ನೆಲ್‌ನಿಂದ ಲಿನಕ್ಸ್ ತಾನಾಗಿ ಅನುಸರಿಸುವ ಕ್ರಮವೇ ಅದು: ದಾಖಲಾದ ಓದಿನ ಸಮಯಕ್ಕೆ 24 ಗಂಟೆ ಕಳೆದಿದ್ದರೆ, ಇಲ್ಲವೇ ಆ ಬಳಿಕ ಫೈಲು ಬದಲಾಗಿದ್ದರೆ ಮಾತ್ರ ಹೊಸದನ್ನು ಬರೆಯುತ್ತದೆ. ವರ್ಷದ ಲೆಕ್ಕಕ್ಕೆ ಅಷ್ಟು ಸಾಕು.

ಎಫ್‌ಎಸ್‌ಟ್ಯಾಬ್ ಮುಟ್ಟುವ ಮೊದಲು ಪ್ರತಿ ತೆಗೆದಿಡಿ. ಅಲ್ಲಿ ಒಂದು ಅಕ್ಷರ ತಪ್ಪಿದರೂ ಬೆಳಗ್ಗೆ ಹರಾಜಿನ ಹೊತ್ತಿಗೆ ಕಂಪ್ಯೂಟರ್ ಏಳದೆ ಹೋಗಬಹುದು. ಉಳಿಸಿದ ಮೇಲೆ ‘ಫೈಂಡ್‌ಮೌಂಟ್’ನ ‘ವೆರಿಫೈ’ ಆಯ್ಕೆಯಿಂದ ಪರೀಕ್ಷಿಸಿ.

ಪ್ರಶ್ನೆ (ಕೋಲಾರ): ನೋಎಟೈಮ್ ಎಂದೇ ಇತ್ತು, ಬದಲಿಸಿದೆ. ಆದರೆ ಪ್ರತಿ ರಾತ್ರಿ ಫೈಲುಗಳನ್ನು ಒಟ್ಟಿಗೆ ಕಟ್ಟಿಡುವ ‘ಟಾರ್’ನಿಂದ ಎಲ್ಲವನ್ನೂ ಬ್ಯಾಕಪ್ ಮಾಡುತ್ತೇವೆ. ಅದೂ ಓದಿದಂತೆಯೇ ಅಲ್ಲವೇ?

ಉತ್ತರ: ಹೌದು, ಒಳ್ಳೆಯದನ್ನೇ ಕೇಳಿದಿರಿ. ಈಗ ಎಲ್ಲ ಪಟ್ಟಿಗಳೂ ದಿನವೂ ಹೊಸದಾಗಿ ಓದಿದಂತೆ ಕಾಣುತ್ತವೆ. ಟಾರ್‌ಗೆ ‘ಎಟೈಮ್ ಪ್ರಿಸರ್ವ್’ ಆಯ್ಕೆಯನ್ನು ‘ಸಿಸ್ಟಮ್’ ಎಂದು ಕೊಟ್ಟು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸಿದರೆ ಗುರುತು ಬೀಳುವುದಿಲ್ಲ.

ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಎಟೈಮ್ ನೆಚ್ಚಿಕೊಳ್ಳುವುದಿಲ್ಲ. ರೈತರು ತಕರಾರು ತಂದಾಗ ಬೇಕಾಗುವುದು ಯಾರೂ ತೆರೆಯದೆ ಬಿದ್ದಿದ್ದ ಪಟ್ಟಿಯೇ. ‘ಎಂಟೈಮ್’ (ಒಳಗಿನ ವಿಷಯ ಬದಲಾದ ಸಮಯ) ನೋಡಿ ಹಳೆಯ ವರ್ಷದವನ್ನು ಬೇರೆ ಡಿಸ್ಕಿಗೆ ಸಾಗಿಸಿ. ನಕಲು ಮಾಡುವ ‘ಸಿಪಿ’ ಆದೇಶವನ್ನಷ್ಟೇ ಬಳಸಿದರೆ ಎಲ್ಲಕ್ಕೂ ಇಂದಿನ ದಿನಾಂಕ ಬೀಳುತ್ತದೆ. ಜೊತೆಗೆ ‘ಪಿ’ ಆಯ್ಕೆ ಕೊಡಿ. ಹತ್ತು ಪಟ್ಟಿಗಳನ್ನಾದರೂ ಹೊಸ ಡಿಸ್ಕಿನಿಂದ ತೆರೆದು ಓದಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ.